ಮೂಳೆಗೊಂದು ಚಪ್ಪರ, ಪ್ರೋಟೀನಿಗೊಂದು ಬಾಲ

ಮೂಡಿಗೆರೆ ಕಡೆಯ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರಶ್ನೆ ಕಳಿಸಿದ್ದಾಳೆ. "ಅಜ್ಜಯ್ಯ, ಹಲ್ಲಿಯ ಬಾಲ ಬಿದ್ದುಹೋದರೆ ಮತ್ತೆ ಬರುತ್ತದೆ. ನಮ್ಮ ದೊಡ್ಡಪ್ಪನ ಕಾಲಿನ ಮೂಳೆ ಎರಡು ಇಂಚು ಹೋಗಿದೆಯಂತೆ. ಅದು ಯಾಕೆ ಮತ್ತೆ ಬರುವುದಿಲ್ಲ?"

ಎಂಥ ಪ್ರಶ್ನೆ ನೋಡಿ! ಮೊದಲು ಹಲ್ಲಿಯ ಗುಟ್ಟು ಹೇಳಿಬಿಡುತ್ತೇನೆ. ಅದರ ಹೊಸ ಬಾಲ ಹೊರಗಿನಿಂದ ಬಾಲವೇ, ಆದರೆ ಒಳಗೆ ಮೂಳೆ ಇರುವುದಿಲ್ಲ. ಹಳೆಯ ಬಾಲದಲ್ಲಿ ಮಣಿ ಪೋಣಿಸಿದ ಹಾಗೆ ಮೂಳೆಯ ಗಂಟುಗಳಿದ್ದವು. ಹೊಸದರಲ್ಲಿ ಇರುವುದು ಮೃದ್ವಸ್ಥಿಯ ಒಂದು ಕೊಳವೆ ಮಾತ್ರ. ಮೃದ್ವಸ್ಥಿ ಎಂದರೆ ನಿಮ್ಮ ಕಿವಿ ಹಿಡಿದು ಮಡಚಿದಾಗ ಬಗ್ಗುತ್ತದಲ್ಲ, ಅದೇ. ಹಾಗಾಗಿ ಮೂಳೆಯ ವಿಷಯದಲ್ಲಿ ಹಲ್ಲಿಗಿಂತ ನಾವೇ ಒಂದು ಕೈ ಮೇಲು. ಮೊಣಕಾಲು ತರಚಿದರೆ ಚರ್ಮದಲ್ಲಿ ಕಲೆ ಉಳಿಯುತ್ತದೆ. ಆದರೆ ಮುರಿದ ಮೂಳೆ ಸರಿಯಾಗಿ ಕೂಡಿಕೊಂಡರೆ ಅಲ್ಲಿ ಬೆಳೆಯುವುದು ಕಲೆಯಲ್ಲ, ನಿಜವಾದ ಮೂಳೆಯೇ. ದೇಹದಲ್ಲಿ ಇಂಥ ಗುಣ ಇರುವ ಭಾಗಗಳು ಬಹಳ ಕಡಿಮೆ.

ಮುರಿದ ಕೂಡಲೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಸುತ್ತಲಿನ ಪೊರೆಯಿಂದಲೂ ಮಜ್ಜೆಯಿಂದಲೂ ಜೀವಕೋಶಗಳು ಬಂದು ಸೇರುತ್ತವೆ. ಕೆಲವು ವಾರಗಳಲ್ಲಿ ಮೆದುವಾದ ಒಂದು ಗಂಟು ಕಟ್ಟುತ್ತದೆ, ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ದೇಹವೇ ಬಡಗಿಯ ಹಾಗೆ ಆ ಗಂಟನ್ನು ಕೆತ್ತಿ ನುಣ್ಣಗೆ ಮಾಡುತ್ತದೆ. ಪ್ಲಾಸ್ಟರ್ ಹಾಕುವುದು, ರಾಡು ಕೂರಿಸುವುದು ಎಲ್ಲ ಮೂಳೆ ಅಲುಗಾಡದ ಹಾಗೆ ಹಿಡಿದಿಡಲಿಕ್ಕೆ. ಇದು ಹಳೆಯ ತಿಳಿವಳಿಕೆಯೇ. ಸುಶ್ರುತ ಸಂಹಿತೆಯಲ್ಲಿ ಮುರಿದ ಜಾಗಕ್ಕೆ ಅತ್ತಿ, ಅರಳಿ, ಆಲ, ಬಿದಿರು ಮುಂತಾದವುಗಳ ತೊಗಟೆ ಅಥವಾ ಸೀಳು ಇಟ್ಟು ಕಟ್ಟುವ ಕ್ರಮ ಇದೆ. ನಮ್ಮ ಕಡೆ ಮೂಳೆ ಕಟ್ಟುತ್ತಿದ್ದ ನಾಟಿ ವೈದ್ಯರೂ ಬಿದಿರಿನ ದಬ್ಬೆ ಬಳಸುತ್ತಿದ್ದದ್ದು ಅಜ್ಜಿಯರಿಗೆ ನೆನಪಿರಬಹುದು.

ತೊಂದರೆ ಬರುವುದು ನಡುವೆ ಮೂಳೆಯೇ ಇಲ್ಲದಾಗ. ಘಾಟಿಯ ತಿರುವಿನಲ್ಲಿ ಜೀಪು ಮಗುಚಿ ಕಾಲಿನ ಮೂಳೆ ಪುಡಿಯಾಗಿರುತ್ತದೆ. ಮೆಣಸು ಕೊಯ್ಯುವ ಕಾಲದಲ್ಲಿ ಏಣಿಯಿಂದ ಬಿದ್ದ ಗಾಯಕ್ಕೆ ಕೀವು ತುಂಬಿ, ಕೆಟ್ಟ ಭಾಗವನ್ನು ಡಾಕ್ಟರು ತೆಗೆದುಹಾಕಿರುತ್ತಾರೆ. ಗಡ್ಡೆ ಬೆಳೆದು ತೆಗೆಯಬೇಕಾದದ್ದೂ ಇರಬಹುದು. ಹಳ್ಳ ಕಿರಿದಾದರೆ ಹಾರಿ ದಾಟಬಹುದು, ಭದ್ರಾ ನದಿ ದಾಟಲು ಸೇತುವೆ ಬೇಕು. ಮೂಳೆಯ ಕಥೆಯೂ ಅದೇ. ಒಂದು ಅಳತೆ ಮೀರಿದ ಕಂದಕವನ್ನು ಅದು ತಾನಾಗಿ ದಾಟುವುದಿಲ್ಲ. ದೊಡ್ಡಪ್ಪನ ಎರಡು ಇಂಚು ಅಂಥ ಕಂದಕ.

ಇವತ್ತಿಗೂ ಇದಕ್ಕೆ ಒಳ್ಳೆಯ ಉಪಾಯವೆಂದು ಹೆಸರಾಗಿರುವುದು ಅದೇ ರೋಗಿಯ ಸೊಂಟದ ಮೂಳೆಯ ಅಂಚಿನಿಂದ ಸ್ವಲ್ಪ ಕೆತ್ತಿ ತಂದು ತುಂಬುವುದು. ಅದು ಚೆನ್ನಾಗಿ ಹಿಡಿಯುತ್ತದೆ. ಏಕೆಂದರೆ ಅದರೊಳಗೆ ಮೂರು ವಸ್ತು ಒಟ್ಟಿಗೆ ಬರುತ್ತವೆ: ಜೀವಂತ ಕೋಶಗಳು, ಆ ಕೋಶಗಳಿಗೆ "ಬನ್ನಿ, ಮೂಳೆ ಕಟ್ಟಿ" ಎಂದು ಹೇಳುವ ಪ್ರೋಟೀನುಗಳು, ನಿಂತು ಕೆಲಸ ಮಾಡಲು ಒಂದು ಜಾಲರಿ. ಆದರೆ ಸೊಂಟದಲ್ಲಿ ತೆಗೆಯುವಷ್ಟು ಮೂಳೆ ಎಷ್ಟಿದ್ದೀತು? ಮೇಲಾಗಿ ಅಲ್ಲಿ ಇನ್ನೊಂದು ಗಾಯ. ಮೂಳೆ ಹಾಕಿಸಿಕೊಂಡ ನಮ್ಮ ಪಕ್ಕದ ತೋಟದವರೊಬ್ಬರು ಹೇಳಿದ್ದರು: "ಕಾಲು ಸುಮ್ಮನಾಯ್ತು ಮಾರಾಯ್ರೇ, ಸೊಂಟ ಮಾತ್ರ ಆರು ತಿಂಗಳು ಮಾತಾಡ್ತಾನೇ ಇತ್ತು."

ಹಾಗಾದರೆ ಆ ಮೂರನ್ನೂ ಬೇರೆ ಕಡೆಯಿಂದ ತರಲು ಆಗುತ್ತದೆಯೇ?

ಜಾಲರಿ ಮಾಡುವುದು ಸುಲಭದ ಭಾಗ. ಅದಕ್ಕೆ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ಮನೆ ಕಟ್ಟುವಾಗ ಹಾಕುವ ಸಾರುವೆಗೂ ಅದೇ ಹೆಸರು. ನಾನು ಚಪ್ಪರ ಎನ್ನುತ್ತೇನೆ, ಮಲೆನಾಡಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಮೂಳೆಯಲ್ಲಿ ಇರುವಂಥದ್ದೇ ಕ್ಯಾಲ್ಸಿಯಂ ಫಾಸ್ಫೇಟಿನಿಂದಲೋ, ನಿಧಾನವಾಗಿ ಕರಗಿಹೋಗುವ ಪಾಲಿಮರಿನಿಂದಲೋ ರಂಧ್ರರಂಧ್ರವಾದ ತುಂಡೊಂದನ್ನು ಮಾಡುತ್ತಾರೆ. ಒಂದೊಂದು ರಂಧ್ರ ಮೂರು ನಾಲ್ಕು ಕೂದಲಿನ ದಪ್ಪದಷ್ಟು. ಅದರೊಳಕ್ಕೆ ಕೋಶಗಳೂ ರಕ್ತನಾಳಗಳೂ ಹೊಕ್ಕಬೇಕು. ಮೂಳೆ ಬೆಳೆದಂತೆ ಚಪ್ಪರ ಕರಗುತ್ತ ಹೋದರೆ ಇನ್ನೂ ಒಳ್ಳೆಯದು. ಆದರೆ ಬರೀ ಚಪ್ಪರ ಹಾಕಿದರೆ ಅವರೆ ಬಳ್ಳಿ ಹುಟ್ಟುತ್ತದೆಯೇ? ದೊಡ್ಡ ಕಂದಕದಲ್ಲಿ ಖಾಲಿ ಚಪ್ಪರ ಖಾಲಿಯಾಗಿಯೇ ಉಳಿಯುವುದುಂಟು. ಕೋಶಗಳನ್ನು ಕರೆಯುವವರು ಬೇಕು.

ಆ ಕರೆಯುವವರು ಸಿಕ್ಕಿದ ಕಥೆ ಚೆನ್ನಾಗಿದೆ. ಅದಕ್ಕೆ ಮೊದಲು ಅಡುಗೆಮನೆಯಲ್ಲಿ ಒಂದು ಪ್ರಯೋಗ. ಮಾಂಸದಡುಗೆ ಮಾಡುವ ಮನೆಯವರು ಕೋಳಿಯ ಕಾಲಿನ ಮೂಳೆಯೊಂದನ್ನು ಚೆನ್ನಾಗಿ ತೊಳೆದು ಗಾಜಿನ ಲೋಟದಲ್ಲಿಟ್ಟು ಮುಳುಗುವಷ್ಟು ವಿನೆಗರ್ ಸುರಿಯಿರಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಾಯಿಸಿ. ಒಂದು ವಾರದ ಹೊತ್ತಿಗೆ ಮೂಳೆ ರಬ್ಬರಿನ ಹಾಗೆ ಬಗ್ಗುತ್ತದೆ. ಹುಳಿ ಸುಣ್ಣವನ್ನೆಲ್ಲ ಕರಗಿಸಿ ತೆಗೆದಿದೆ, ಉಳಿದಿರುವುದು ಹೆಚ್ಚಾಗಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್. (ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಅಜ್ಜಿಯನ್ನು ಕೇಳಿಯೇ ಲೋಟ ತೆಗೆದುಕೊಳ್ಳಬೇಕು.)

ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಮೂಳೆ ವೈದ್ಯರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅವರು ವಿನೆಗರಿನ ಬದಲು ಇನ್ನೂ ಬಲವಾದ ಆಮ್ಲ ಬಳಸಿದರು. ಹಾಗೆ ಸುಣ್ಣ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರು. ಕೆಲವು ವಾರಗಳಲ್ಲಿ ಅಲ್ಲಿ ಹೊಸ ಮೂಳೆ ಬೆಳೆಯಿತು! ಮೂಳೆಯೇ ಇರಬಾರದ ಜಾಗದಲ್ಲಿ ಮೂಳೆ. 1965ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸತ್ತ ಮೂಳೆಯೊಳಗೆ ಏನೋ ಒಂದು ಕುಳಿತು ಮಾಂಸದ ಕೋಶಗಳಿಗೆ ಆಜ್ಞೆ ಕೊಡುತ್ತಿದೆ ಎಂದು ಊಹಿಸಿದರು. ಮುಂದೆ ಅದಕ್ಕೆ ಇಟ್ಟ ಹೆಸರು ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್, ಚಿಕ್ಕದಾಗಿ ಬಿಎಂಪಿ.

ಇಲ್ಲಿ ನಮ್ಮ ದೇಶದವರ ಹೆಸರೂ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಅಮೆರಿಕಕ್ಕೆ ಹೋದ ಎ. ಹರಿ ರೆಡ್ಡಿಯವರು ಕುಬೇರ್ ಸಂಪತ್ ಅವರ ಜೊತೆ ಸೇರಿ 1981ರಲ್ಲಿ ಒಂದು ಅಚ್ಚುಕಟ್ಟಾದ ಪ್ರಯೋಗ ಮಾಡಿದರು. ಸುಣ್ಣ ತೆಗೆದ ಮೂಳೆಯಿಂದ ಕರಗುವ ಪ್ರೋಟೀನುಗಳನ್ನೂ ಬಸಿದು ತೆಗೆದರು. ಉಳಿದ ಗಟ್ಟಿ ಭಾಗವನ್ನು ಮಾತ್ರ ಇಲಿಯೊಳಗೆ ಇಟ್ಟರೆ ಮೂಳೆ ಬೆಳೆಯಲಿಲ್ಲ. ಬಸಿದ ಪ್ರೋಟೀನನ್ನು ಮಾತ್ರ ಕೊಟ್ಟರೂ ಬೆಳೆಯಲಿಲ್ಲ. ಎರಡನ್ನೂ ಮತ್ತೆ ಕೂಡಿಸಿ ಇಟ್ಟಾಗ ಬೆಳೆಯಿತು. ಚಪ್ಪರವೂ ಬೇಕು, ಕರೆಯೂ ಬೇಕು, ಕರೆ ಚಪ್ಪರದ ಮೇಲೇ ಇರಬೇಕು. ನನಗೆ ಕೇಳಿದರೆ ಈ ಇಡೀ ವಿಷಯದ ಬೀಗದಕೈ ಇದೇ.

ಈ ಪ್ರೋಟೀನು ಮೂಳೆಯಲ್ಲಿ ಎಷ್ಟಿರುತ್ತದೆ ಗೊತ್ತೇ? ಒಂದು ಕಿಲೋ ಮೂಳೆಯಿಂದ ತೆಗೆದರೆ ಒಂದೆರಡು ಮೈಕ್ರೋಗ್ರಾಂ ಸಿಕ್ಕೀತು. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗಕ್ಕೆ ಮೈಕ್ರೋಗ್ರಾಂ ಎನ್ನುತ್ತಾರೆ. ಹೀಗೆ ತೆಗೆಯುತ್ತ ಕೂತರೆ ಆಗುವ ಕೆಲಸವಲ್ಲ. 1988ರಲ್ಲಿ ಜಾನ್ ವೋಜ್ನಿ ಮತ್ತು ಜೊತೆಗಾರರು ಇದರ ವಂಶವಾಹಿಗಳನ್ನು ಪತ್ತೆಮಾಡಿದ ಮೇಲೆ ಬೇರೆ ದಾರಿ ತೆರೆಯಿತು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಈ ದಾರಿ ನಿಮಗೆ ಹೊಸದಲ್ಲ. ಮೊದಲೆಲ್ಲ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನನ್ನು ಈಗ ಬ್ಯಾಕ್ಟೀರಿಯಾ ಅಥವಾ ಯೀಸ್ಟಿನಿಂದ ಮಾಡಿಸುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಒಂದು ಜಾತಿಯ ಯೀಸ್ಟಿನಲ್ಲಿ ತಯಾರಾದದ್ದು. ಮನುಷ್ಯನ ವಂಶವಾಹಿಯನ್ನು ಪುಟ್ಟ ಜೀವಿಗೆ ಕೊಟ್ಟು, "ಇದನ್ನು ಓದಿಕೊಂಡು ಈ ಪ್ರೋಟೀನು ಮಾಡು" ಎನ್ನುವುದು. ಬಿಎಂಪಿಯನ್ನೂ ಹೀಗೆಯೇ ಮಾಡಿಸುತ್ತಾರೆ, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ.

2002ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಬಿಎಂಪಿ-2 ಎಂಬುದನ್ನು ಬೆನ್ನಿನ ಕೆಳಭಾಗದ ಒಂದು ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಪ್ರೋಟೀನಿನ ನೀರನ್ನು ಕೊಲಾಜೆನ್ ಸ್ಪಂಜಿಗೆ ಹೀರಿಸಿ, ಲೋಹದ ಪುಟ್ಟ ಪಂಜರದಲ್ಲಿಟ್ಟು ಎರಡು ಮಣಿಮೂಳೆಗಳ ನಡುವೆ ಕೂರಿಸುವುದು. ಮೂಳೆ ಬೆಳೆಯಿತು, ಸೊಂಟ ಕೆತ್ತುವುದು ತಪ್ಪಿತು, ಎಲ್ಲರಿಗೂ ಸಂತೋಷ.

ಆದರೆ ಸ್ಪಂಜು ಎಂದರೆ ಸ್ಪಂಜು. ಆರಿದ್ರಾ ಮಳೆ ಹೊಡೆಯುವಾಗ ಕಾಫಿ ಗಿಡದ ಬುಡಕ್ಕೆ ಯೂರಿಯಾ ಹಾಕುವವರನ್ನು ಯಾರಾದರೂ ಕಂಡಿದ್ದೀರಾ? ಹಾಕಿದರೆ ಗಿಡಕ್ಕೆ ಸಿಕ್ಕುವುದು ಚೂರು, ಉಳಿದದ್ದೆಲ್ಲ ಹಳ್ಳಕ್ಕೆ. ದೇಹದೊಳಗೂ ಸದಾ ಮಳೆಗಾಲವೇ. ಸ್ಪಂಜಿನಲ್ಲಿದ್ದ ಪ್ರೋಟೀನಿನ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲೇ ತೊಳೆದುಹೋಗುತ್ತದೆ. ರಕ್ತಕ್ಕೆ ಸೇರಿದ ಮೇಲೆ ಅದು ಉಳಿಯುವುದು ನಿಮಿಷಗಳ ಲೆಕ್ಕ. ಮೂಳೆ ಕಟ್ಟಲು ಬೇಕಾದದ್ದು ವಾರಗಳು. ತಿಂಗಳ ಪೆನ್ಷನ್ನನ್ನು ಒಂದನೇ ತಾರೀಕೇ ಪೂರ್ತಿ ಡ್ರಾ ಮಾಡಿ ಸಂತೆಯಲ್ಲಿ ಖರ್ಚು ಮಾಡಿದರೆ ಮೂವತ್ತನೇ ತಾರೀಕಿಗೆ ಏನಿರುತ್ತದೆ? ಅದಕ್ಕಾಗಿ ಅವರು ಮೊದಲೇ ತುಂಬಾ ಹೆಚ್ಚು ಪ್ರೋಟೀನು ಹಾಕಬೇಕಾಯಿತು. ದೊಡ್ಡ ಕಿಟ್ಟಿನಲ್ಲಿ ಇರುವುದು 12 ಮಿಲಿಗ್ರಾಂ. ಮಕ್ಕಳೇ, ಮೇಲಿನ ಲೆಕ್ಕ ಹಿಡಿದು ಗುಣಿಸಿ ನೋಡಿ. ಸಾವಿರಾರು ಕಿಲೋ ಮೂಳೆಯಲ್ಲಿ ಸಿಗುವಷ್ಟನ್ನು ಬೆನ್ನಿನ ಒಂದೇ ಜಾಗಕ್ಕೆ ಸುರಿದ ಹಾಗಾಯಿತು!

ತೊಳೆದುಹೋದದ್ದು ಸುಮ್ಮನಿರಲಿಲ್ಲ. ಒಪ್ಪಿಗೆ ಇಲ್ಲದಿದ್ದರೂ ಕೆಲವು ವೈದ್ಯರು ಇದನ್ನು ಕುತ್ತಿಗೆಯ ಮೂಳೆಗೂ ಬಳಸಿದರು. ಕೆಲವರಿಗೆ ಗಂಟಲು ಊದಿಕೊಂಡು ಉಸಿರಾಡುವುದು, ನುಂಗುವುದು ಕಷ್ಟವಾಯಿತು. 2008ರಲ್ಲಿ ಅಮೆರಿಕದ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಮೂಳೆ ಬೇಡವಾದ ಕಡೆ ಬೆಳೆದದ್ದೂ ವರದಿಯಾಯಿತು. 2011ರಲ್ಲಿ ಬೆನ್ನುಮೂಳೆ ವೈದ್ಯರ ಪತ್ರಿಕೆಯೊಂದು, ತಯಾರಕರ ಹಣದಲ್ಲಿ ನಡೆದ ಮೊದಲ ಅಧ್ಯಯನಗಳು ಈ ತೊಂದರೆಗಳನ್ನು ಇದ್ದುದಕ್ಕಿಂತ ಕಡಿಮೆ ತೋರಿಸಿದ್ದವು ಎಂದು ಬಿಚ್ಚಿ ಬರೆಯಿತು. ಲೆಕ್ಕ ಬರೆದವನೇ ಆಡಿಟ್ ಮಾಡಿದರೆ ಹೀಗೇ ಆಗುವುದು.

ಬೇಡದ ಕಡೆ ಮೂಳೆ ಬೆಳೆದರೆ ಏನು ಎಂದು ಕೇಳುವವರಿಗೆ ಹ್ಯಾರಿ ಈಸ್ಟ್‌ಲ್ಯಾಕ್ ಅವರ ಕಥೆ. ಅಮೆರಿಕದ ಫಿಲಡೆಲ್ಫಿಯಾದ ಈ ಮನುಷ್ಯನಿಗೆ ಚಿಕ್ಕಂದಿನಿಂದಲೇ ಮಾಂಸಖಂಡಗಳು ಒಂದೊಂದಾಗಿ ಮೂಳೆಯಾಗುತ್ತ ಬಂದವು. 1973ರಲ್ಲಿ, 40 ತುಂಬಲು ಕೆಲವೇ ದಿನ ಇರುವಾಗ ಅವರು ತೀರಿಕೊಂಡರು. ಆ ಹೊತ್ತಿಗೆ ಮೈಯೆಲ್ಲ ಸೆಟೆದು ಅಲುಗಾಡುವುದೇ ಕಷ್ಟವಾಗಿತ್ತು. ವೈದ್ಯರು ಕಲಿಯಲೆಂದು ತನ್ನ ಅಸ್ಥಿಪಂಜರವನ್ನೇ ಕೊಟ್ಟುಹೋದರು, ಅದು ಅಲ್ಲಿನ ಮ್ಯೂಟರ್ ಮ್ಯೂಸಿಯಂನಲ್ಲಿ ಇದೆ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಯ ಕಾರಣ 2006ರಲ್ಲಿ ಗೊತ್ತಾಯಿತು. ಬಿಎಂಪಿಯ ಕರೆಯನ್ನು ಕೇಳಿಸಿಕೊಳ್ಳುವ ಕೋಶದ "ಕಿವಿ"ಯಲ್ಲಿ ದೋಷ, ಕರೆಯದಿದ್ದರೂ ಕರೆದ ಹಾಗೆ ಕೇಳಿಸುತ್ತದೆ.

ಹಾಗಾದರೆ ಬೇಕಾದದ್ದು ಹೆಚ್ಚು ಪ್ರೋಟೀನಲ್ಲ, ಇಟ್ಟಲ್ಲೇ ಇರುವ ಪ್ರೋಟೀನು. ಇದಕ್ಕೆ ಒಂದು ಉಪಾಯ ನಮ್ಮ ಮೆಣಸಿನ ಬಳ್ಳಿಯ ಹಾಗಿದೆ. ಹಾಲುವಾಣದ ಬುಡದಲ್ಲಿ ನೆಟ್ಟ ಬಳ್ಳಿಯನ್ನು ಮೊದಮೊದಲು ಹಗ್ಗದಲ್ಲಿ ಕಟ್ಟುತ್ತೇವೆ. ಗೆಣ್ಣುಗೆಣ್ಣಿನಲ್ಲಿ ಪುಟ್ಟ ಬೇರು ಹೊರಟು ತೊಗಟೆಯನ್ನು ಕಚ್ಚಿಕೊಂಡ ಮೇಲೆ ಎಂಥ ಮಳೆಗಾಳಿಗೂ ಅದು ಜಾರುವುದಿಲ್ಲ. ಪ್ರೋಟೀನಿಗೂ ಅಂಥ ಕಚ್ಚುಬೇರು ಜೋಡಿಸಿದರೆ?

ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಮಿಕಾಯೆಲ್ ಮಾರ್ಟಿನೊ, ಜೆಫ್ರಿ ಹಬ್ಬೆಲ್ ಮತ್ತು ಸಂಗಡಿಗರು ಇದನ್ನೇ ಮಾಡಿ 2014ರಲ್ಲಿ ಪ್ರಕಟಿಸಿದರು. ದೇಹದಲ್ಲಿರುವ ಬೆಳೆಸುವ ಪ್ರೋಟೀನುಗಳಲ್ಲಿ ಕೋಶಗಳ ಸುತ್ತಲಿನ ನಾರುಜಾಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಂಥದ್ದು ಯಾವುದು ಎಂದು ಅವರು ಹುಡುಕಿದರು. ತಾಯಿಯ ಗರ್ಭದ ಮಾಸಿನಲ್ಲಿ ಮೊದಲು ಗುರುತಿಸಿದ ಒಂದು ಪ್ರೋಟೀನು ಸಿಕ್ಕಿತು. ಅದು ಹಿಡಿದುಕೊಳ್ಳುವುದು ತನ್ನ ಇಪ್ಪತ್ತು ಚಿಲ್ಲರೆ ಮಣಿಗಳ ಪುಟ್ಟ ತುಣುಕಿನಿಂದ. ಪ್ರೋಟೀನು ಎಂದರೆ ಅಮೈನೋ ಆಮ್ಲ ಎಂಬ ಮಣಿಗಳ ಸರ ತಾನೇ? ಆ ತುಣುಕಿನ ವಂಶವಾಹಿ ಬರಹವನ್ನು ಬಿಎಂಪಿ-2ರ ಬರಹದ ಜೊತೆ ಹೊಲಿದರು. ಕೋಶ ಓದಿದಾಗ ಬಾಲ ಇರುವ ಬಿಎಂಪಿ ತಯಾರಾಯಿತು. ಆ ಬಾಲ ಚಪ್ಪರವನ್ನು ಕಚ್ಚಿ ಕೂರುತ್ತದೆ. ಇಲಿಯ ತಲೆಬುರುಡೆಯಲ್ಲಿ ತಾನಾಗಿ ಮುಚ್ಚದಷ್ಟು ದೊಡ್ಡ ರಂಧ್ರ ಮಾಡಿ, ಬಾಲವಿರುವ ಪ್ರೋಟೀನುಗಳನ್ನು ಸ್ವಲ್ಪವೇ ಸ್ವಲ್ಪ ಹಾಕಿ ನೋಡಿದರು. ಅಷ್ಟೇ ಅಳತೆಯ ಬಾಲವಿಲ್ಲದ ಪ್ರೋಟೀನುಗಳಿಗಿಂತ ಇವು ಚೆನ್ನಾಗಿ ಮೂಳೆ ಬೆಳೆಸಿದವು. ಇಲಿಗಳ ಕಷ್ಟ ನೆನೆದರೆ ಮನಸ್ಸಿಗೆ ಹಿತವಲ್ಲ, ಆದರೆ ಈ ಮೆಟ್ಟಿಲು ಹತ್ತದೆ ಯಾವ ಔಷಧವೂ ಮನುಷ್ಯರ ಹತ್ತಿರ ಬರುವುದಿಲ್ಲ.

ಇನ್ನೊಂದು ಉಪಾಯ ಬೇರೆ ದಿಕ್ಕಿನದು. ದೇಹಕ್ಕೆ ಬಿಎಂಪಿಯ ಕರೆ ಜಾಸ್ತಿಯಾಯಿತೆಂದು ಅನಿಸಿದರೆ ಅದರ ಬಾಯಿ ಮುಚ್ಚಿಸುವ ಕಾವಲುಗಾರ ಪ್ರೋಟೀನುಗಳಿವೆ. ಒಂದರ ಹೆಸರು ನಾಗಿನ್. ಹಾವಿಗೂ ಅದಕ್ಕೂ ಸಂಬಂಧ ಇಲ್ಲ! ಇಂಗ್ಲಿಷಿನಲ್ಲಿ ತಲೆಗೆ ತಮಾಷೆಯಾಗಿ ಹಾಗೆನ್ನುತ್ತಾರೆ. 1992ರಲ್ಲಿ ಕಂಡುಹಿಡಿದಾಗ, ಇದು ಹೆಚ್ಚಾದ ಕಪ್ಪೆಯ ಭ್ರೂಣಗಳು ದೊಡ್ಡ ತಲೆಯವಾಗಿ ಬೆಳೆದವು, ಅದಕ್ಕೇ ಆ ಹೆಸರು. ಈ ಕಾವಲುಗಾರನ ಕೈಗೆ ಸುಲಭವಾಗಿ ಸಿಗದ ಪ್ರೋಟೀನೊಂದನ್ನು ವಿಜ್ಞಾನಿಗಳು ಮೂರು ಬೇರೆ ಪ್ರೋಟೀನುಗಳ ತುಂಡು ಸೇರಿಸಿ ಕಟ್ಟಿದ್ದಾರೆ. 2019ರಲ್ಲಿ ಬಂದ ವರದಿಯಂತೆ ಅದು ಮಂಗಗಳಲ್ಲಿಯೂ ಮಾಮೂಲಿ ಬಿಎಂಪಿಗಿಂತ ಚೆನ್ನಾಗಿ ಮೂಳೆ ಬೆಳೆಸಿತು. ನನಗೇನೋ ಬಾಲದ ಉಪಾಯವೇ ಹೆಚ್ಚು ಹಿಡಿಸಿತು. ಕಾವಲುಗಾರನನ್ನು ದೇಹ ಸುಮ್ಮನೆ ಇಟ್ಟಿರುವುದಿಲ್ಲವಲ್ಲ.

ಅಂದ ಹಾಗೆ, ಬಿಎಂಪಿ ಮೂಳೆಗೆ ಮಾತ್ರ ಸೇರಿದ್ದಲ್ಲ. ಅಮ್ಮನ ಹೊಟ್ಟೆಯಲ್ಲಿದ್ದಾಗ ನಿಮ್ಮ ಕೈ ದೋಸೆ ಹುಯ್ಯುವ ಸೌಟಿನ ಹಾಗೆ ಚಪ್ಪಟೆಯಾಗಿತ್ತು. ಬೆರಳುಗಳ ನಡುವಿನ ಚರ್ಮ ಮಾಯವಾಗಲು ಹೇಳಿದ್ದರಲ್ಲಿ ಬಿಎಂಪಿಯ ಕೈವಾಡವಿದೆ. ಬಾತುಕೋಳಿಯ ಕಾಲಿನಲ್ಲಿ ಅದರ ಬಾಯಿ ಮುಚ್ಚಿಸುವವರು ಇರುವುದರಿಂದ ಚರ್ಮ ಉಳಿದು, ಈಜಲು ಹುಟ್ಟು ಸಿಕ್ಕಿತು.

ನಮ್ಮ ರಾಜ್ಯದಲ್ಲಿ ಚಪ್ಪರದ ಕೆಲಸ ಚೆನ್ನಾಗಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಕೌಶಿಕ್ ಚಟರ್ಜಿಯವರ ತಂಡ ಕರಗುವ ಪಾಲಿಮರುಗಳಿಂದ ಮೂಳೆಯ ಚಪ್ಪರಗಳನ್ನು ಮಾಡುತ್ತದೆ. ಜಹಾಂಗೀರ್ ಸುತ್ತಿದ ಹಾಗೆ ಎಳೆಯ ಮೇಲೆ ಎಳೆ ಹಾಕುವ ತ್ರೀ-ಡಿ ಪ್ರಿಂಟಿಂಗ್ ಅದರಲ್ಲಿ ಒಂದು ವಿಧಾನ. ಯಾವ ಆಕಾರ, ಯಾವ ಮೇಲ್ಮೈ ಇದ್ದರೆ ಮಜ್ಜೆಯ ಮೂಲಕೋಶಗಳು ಮೂಳೆಯ ಕೋಶಗಳಾಗಿ ತಿರುಗುತ್ತವೆ ಎಂದು ನೋಡುತ್ತಾರೆ. ಅದೇ ಸಂಸ್ಥೆಯ ಬಿಕ್ರಮ್‌ಜಿತ್ ಬಸು ಅವರು ಮೂಳೆಗೆ ಹೊಂದುವ ಸೆರಾಮಿಕ್ ವಸ್ತುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು, 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದವರು. ಚಪ್ಪರದ ರೂಪವೇ ಕೋಶಗಳಿಗೆ ಅರ್ಧ ಮಾತು ಹೇಳಿಬಿಟ್ಟರೆ ದುಬಾರಿ ಪ್ರೋಟೀನು ಅಷ್ಟು ಕಡಿಮೆ ಸಾಕಾದೀತು.

ಇದನ್ನು ಓದಿ, "ನಮ್ಮ ಮಲೆನಾಡಿನ ಹಂದಿಗೋಡು ಕಾಯಿಲೆಯವರಿಗೆ ಇದರಿಂದ ಗುಣವಾದೀತೇ?" ಎಂದು ಯಾರಾದರೂ ಹಿರಿಯರು ಕೇಳಿಯೇ ಕೇಳುತ್ತಾರೆ. ಮಕ್ಕಳಿಗೆ ಗೊತ್ತಿರಲಿ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ನಮ್ಮ ಜಿಲ್ಲೆಯ ಕೆಲವು ಊರುಗಳಲ್ಲೂ ಇರುವ ಕಾಯಿಲೆ ಅದು. ಸೊಂಟ, ಮಂಡಿಯ ಕೀಲುಗಳು ಸವೆದು ನಡೆಯುವುದೇ ಕಷ್ಟವಾಗುತ್ತದೆ. ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಅನುಭವಿಸಿದವರು ಹೆಚ್ಚಾಗಿ ಬಡ ಕೂಲಿಯವರು. ಅದು ವಂಶದಲ್ಲಿ ಹರಿದುಬರುವಂಥದ್ದು, ಮೂಳೆ ಮತ್ತು ಕೀಲು ಬೆಳೆಯುವ ರೀತಿಯಲ್ಲೇ ವ್ಯತ್ಯಾಸ. ಚಪ್ಪರ ಮತ್ತು ಬಿಎಂಪಿ ಒಂದು ಜಾಗದ ಕಂದಕ ತುಂಬಲು ಇರುವ ಉಪಾಯ, ಹುಟ್ಟಿನಿಂದ ಬಂದ ಕೀಲಿನ ತೊಂದರೆಗೆ ಅಲ್ಲ. ಆ ಮನೆಗಳವರಿಗೆ ಬೇಕಾದದ್ದು ಬೇರೆ ಚಿಕಿತ್ಸೆ, ಸರಿಯಾಗಿ ಕೈಸೇರುವ ಪೆನ್ಷನ್, ಬೇಕಾದವರಿಗೆ ಕೀಲು ಬದಲಾವಣೆ.

ದೊಡ್ಡಪ್ಪನಿಗೂ ಬಾಲವಿರುವ ಪ್ರೋಟೀನು ಇವತ್ತು ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಅದು ಇನ್ನೂ ಪ್ರಯೋಗಶಾಲೆಯ ಮೆಟ್ಟಿಲಲ್ಲಿದೆ. ಡಾಕ್ಟರು ಸೊಂಟದ ಮೂಳೆ ಹಾಕೋಣ ಎಂದರೆ, ಅಥವಾ ಹೊರಗಿನಿಂದ ಚೌಕಟ್ಟು ಕಟ್ಟಿ ದಿನಕ್ಕೆ ಒಂದು ಮಿಲಿಮೀಟರಿನಂತೆ ಮೂಳೆಯನ್ನೇ ಎಳೆದು ಬೆಳೆಸೋಣ ಎಂದರೆ, ಅದು ಹಳೆಯದೆಂದು ಮೂಗು ಮುರಿಯಬೇಡಿ. ಎರಡೂ ಚೆನ್ನಾಗಿ ಪರೀಕ್ಷೆಯಾದ ದಾರಿಗಳು. "ಮೂಳೆ ಬೆಳೆಸುವ ಪ್ರೋಟೀನ್ ಪುಡಿ" ಎಂದು ಫೋನಿನಲ್ಲಿ ಬರುವ ಜಾಹೀರಾತಿಗೂ ಮೇಲೆ ಹೇಳಿದ್ದಕ್ಕೂ ಯಾವ ಸಂಬಂಧವೂ ಇಲ್ಲ. ಬಿಎಂಪಿಯನ್ನು ತಿಂದರೆ ಅದು ಹೊಟ್ಟೆಯಲ್ಲಿ ತೊಗರಿಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ, ಕಾಲಿನ ಮೂಳೆಯವರೆಗೆ ತಲುಪುವುದಿಲ್ಲ.

ಒಂದು ಮಾತ್ರ ದೊಡ್ಡಪ್ಪನ ಕೈಯಲ್ಲೇ ಇದೆ. ಹೊಸ ಮೂಳೆಗೆ ಮೊದಲು ಬೇಕಾದದ್ದು ರಕ್ತನಾಳ, ಬೀಡಿಯ ಹೊಗೆ ಅದನ್ನು ಕುಗ್ಗಿಸುತ್ತದೆ. ಸೇದುವವರ ಮುರಿದ ಮೂಳೆ ಕೂಡಲು ಹೆಚ್ಚು ದಿನ ಹಿಡಿಯುತ್ತದೆ, ಕೆಲವರಿಗೆ ಕೂಡುವುದೇ ಇಲ್ಲ. ಮೂಳೆ ಡಾಕ್ಟರು ಎಕ್ಸ್‌ರೇ ನೋಡುತ್ತ ನೋಡುತ್ತ "ಬೀಡಿ ಸೇದ್ತೀರಾ?" ಎಂದು ಕೇಳುವುದು ಅದಕ್ಕೇ.